ಉದ್ಘಾಟನೆಯ ಮರುದಿನ

ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ಸಂಕ್ರಾಂತಿಯ ದಿನ ಫೋನ್ ಮಾಡಿದ್ದಳು. ನಾವು ಆಗತಾನೇ ಹಂಪಿಯ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿ ಉಂಡು ಹೊಸಪೇಟೆಗೆ ವಾಪಸಾಗಿದ್ದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿಯ ಮಾತೆಲ್ಲ ಮುಗಿದ ಮೇಲೆ ಹುಡುಗಿ ವಿಷಯಕ್ಕೆ ಬಂದಳು.

"ದೊಡ್ಡಮ್ಮ, ನಮ್ಮ ಕಾಲೇಜಲ್ಲಿ ಒಂದು ಗುಂಪಿದೆ. ರಜೆಯಲ್ಲಿ ಯಾವುದಾದರೂ ಬಡದೇಶದ ಹಳ್ಳಿಗೆ ಹೋಗಿ ಕುಡಿಯೋ ನೀರಿನ ವ್ಯವಸ್ಥೆ ಕಟ್ಟಿಕೊಟ್ಟು ಬರ್ತಾರೆ. ಮುಂದಿನ ಸಲ ನಮ್ಮೂರ ಕಡೆ ಹೋಗೋಣ ಅಂತ ನಾನೇ ಹೇಳಿದೀನಿ. ಹನ್ನೆರಡು ಜನ, ಮೂರು ವಾರ. ನೀನೊಂದು ಹಳ್ಳಿ ಹುಡುಕಿ ಕೊಡ್ತೀಯಾ?"

ಬಡದೇಶವೆಂಬ ಮಾತು ಎಲ್ಲೋ ಚುಚ್ಚಿತು, ನಿಜ. ಆದರೆ ನಾನು ಸುಮ್ಮನಾದದ್ದು ಅದಕ್ಕಲ್ಲ. ಇಪ್ಪತ್ತು ವರ್ಷದ ಹುಡುಗಿ ಓದಿದ ವಿದ್ಯೆಯನ್ನು ತನ್ನ ತಾಯಿಯ ಸೀಮೆಗೆ ತರುತ್ತೇನೆ ಎನ್ನುವಾಗ ಯಾವ ದೊಡ್ಡಮ್ಮನಿಗೆ ಹೆಮ್ಮೆಯಾಗದು? ಆದರೂ ನನ್ನ ಬಾಯಿಂದ "ಆಗಲಿ ಪುಟ್ಟಿ" ಎನ್ನುವ ಮಾತು ಹೊರಡಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಅವಳಿಗೆ ಬೇಜಾರಾಯಿತು. ನಮ್ಮ ದೊಡ್ಡಮ್ಮನಿಗೆ ವಯಸ್ಸಾಯಿತು, ಎಲ್ಲದಕ್ಕೂ ಹಿಂದೆ ಮುಂದೆ ನೋಡುತ್ತಾಳೆ ಎಂದು ಅವಳು ತನ್ನ ಅಮ್ಮನ ಹತ್ತಿರ ಅಂದಳಂತೆ.

ನಾನು ಹಿಂದೆ ನೋಡಿದ್ದಂತೂ ಖಂಡಿತ. ಹಿಂದೆ ನೋಡಿದರೆ ನನಗೆ ಒಂದು ತೊಂಬೆ ಕಾಣುತ್ತದೆ.

1993ರ ಡಿಸೆಂಬರ್. ನಾನು ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ರಾಷ್ಟ್ರೀಯ ಸೇವಾ ಯೋಜನೆಯ ಹೊಣೆಯೂ ನನ್ನದೇ ಆಗಿತ್ತು. ಗಾಂಧೀಜಿಯವರ ಜನ್ಮ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು ಆರಂಭವಾದ ಯೋಜನೆ ಅದು. 'ನನಗಲ್ಲ, ನಿನಗೆ' ಎನ್ನುವುದು ಅದರ ಧ್ಯೇಯವಾಕ್ಯ. ಆ ವಾಕ್ಯವನ್ನು ಬ್ಯಾನರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ, ನಲವತ್ತೈದು ಹುಡುಗ ಹುಡುಗಿಯರನ್ನು ಲಾರಿಗೆ ಹತ್ತಿಸಿಕೊಂಡು ಸಂಡೂರಿನ ಗುಡ್ಡಗಳ ಬುಡದ ಒಂದು ಹಳ್ಳಿಗೆ ಹೋದೆ. ಹತ್ತು ದಿನದ ಶಿಬಿರ. ಬೆಳಿಗ್ಗೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಕೋಲಾಟ.

ಆ ಊರಿನಲ್ಲಿ ಒಂದು ಬೋರ್‌ವೆಲ್ ಇತ್ತು. 1983ರ ನಂತರದ ವರ್ಷಗಳಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬರು ಕರ್ನಾಟಕದ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎನಿಸಿಕೊಂಡದ್ದು ನಿಮಗೆ ನೆನಪಿರಬಹುದು. ಅದು ಆ ಕಾಲದ ಬಾವಿ. ಅದಕ್ಕೆ ಮೋಟಾರು ಕೂರಿಸಿ, ಪೈಪು ಎಳೆದು, ಆರು ನಳಗಳ ತೊಂಬೆ ಕಟ್ಟುವುದು ನಮ್ಮ ಯೋಜನೆ. ಜಾಗ ಎಲ್ಲಿ ಎಂದು ಊರ ಹಿರಿಯರನ್ನು ಕೇಳಿದೆವು. ಅವರು ಊರ ನಡುವಿನ ಕಟ್ಟೆಯ ಎದುರಿನ ಜಾಗ ತೋರಿಸಿದರು. ನಮಗೂ ಅದೇ ಚೆನ್ನಾಗಿ ಕಂಡಿತು. ಎಲ್ಲರಿಗೂ ಎದ್ದು ಕಾಣುವ ಜಾಗವಲ್ಲವೇ?

ನಮ್ಮ ಮಕ್ಕಳು ದುಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮನೆಯಲ್ಲಿ ಲೋಟ ಎತ್ತಿಡದ ಹುಡುಗರು ಕಲ್ಲು ಹೊತ್ತರು. ಹುಡುಗಿಯರು ಸಿಮೆಂಟು ಕಲೆಸಿ ಕೈ ಸುಟ್ಟುಕೊಂಡರು. ಹತ್ತನೆಯ ದಿನ ತಮಟೆ ಬಾರಿಸಿ, ತೆಂಗಿನಕಾಯಿ ಒಡೆದು ಉದ್ಘಾಟನೆಯಾಯಿತು. ನಳ ತಿರುಗಿಸಿದಾಗ ನೀರು ಬಂತು, ಫೋಟೋ ತೆಗೆದರು, ಪತ್ರಿಕೆಯಲ್ಲೂ ಬಂತು. ಎಲ್ಲ ಮುಗಿದು ಲಾರಿ ಹತ್ತುವಾಗ ಒಬ್ಬ ಅಜ್ಜಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಎಲ್ಲಾ ಚೊಲೋ ಮಾಡೀರಿ ತಾಯಿ. ನಾಳೆ ಇದು ಕೆಟ್ಟರ ಯಾರನ್ನ ಕೇಳಬೇಕ್ರಿ?"

"ಪಂಚಾಯ್ತಿ ಇದೆಯಲ್ಲಮ್ಮ" ಎಂದೆ. ಲಾರಿ ಹೊರಟಿತು. ಹುಡುಗರು ಹಾಡತೊಡಗಿದರು.

ಮೂರು ವರ್ಷದ ಮೇಲೆ, ಸಂಡೂರಿನಲ್ಲಿ ನೆಂಟರ ಮದುವೆ ಮುಗಿಸಿ ಬರುವಾಗ ಆಸೆಯಿಂದ ಆ ಹಳ್ಳಿಯಲ್ಲಿ ಇಳಿದೆ. ತೊಂಬೆ ಇತ್ತು. ಆರು ನಳಗಳಲ್ಲಿ ಒಂದೂ ಇರಲಿಲ್ಲ. ತೂತುಗಳಿಗೆ ಬಟ್ಟೆ ತುರುಕಿದ್ದರು. ತೊಂಬೆಯ ಮಗ್ಗುಲಿಗೆ ಎಮ್ಮೆ ಕಟ್ಟಿದ್ದರು. ನಮ್ಮ ಕಾಲೇಜಿನ ಹೆಸರು ಕೆತ್ತಿದ ಕಲ್ಲು ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಹೆಂಗಸರು ಊರ ಹೊರಗಿನ ಹಳೆಯ ಬಾವಿಗೇ ಸಿಂಬಿ ಇಟ್ಟುಕೊಂಡು ಹೋಗುತ್ತಿದ್ದರು.

ಅವರ ಜೊತೆ ಬಾವಿಯವರೆಗೂ ನಡೆದೆ. ಶಿಬಿರದ ಹತ್ತು ದಿನಗಳಲ್ಲಿ ನಾನು ಒಮ್ಮೆಯೂ ಆ ದಾರಿ ನಡೆದಿರಲಿಲ್ಲ ಎನ್ನುವುದು ಆಗ ಹೊಳೆಯಿತು. ದಾರಿಯಲ್ಲಿ ಅವರು ಹೇಳಿದ್ದು ಇಷ್ಟು: ಮೋಟಾರು ಎಂಟು ತಿಂಗಳಿಗೆ ಸುಟ್ಟಿತು. ರಿಪೇರಿಯ ದುಡ್ಡು ಯಾರು ಕೊಡಬೇಕೆಂದು ಗಂಡಸರು ಜಗಳವಾಡಿದರು. ಅದು ಕೆಡುವ ಮೊದಲೂ ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು ಅಲ್ಲಿಗೆ ಹೋಗುತ್ತಿರಲಿಲ್ಲ; ಕಟ್ಟೆಯ ಮೇಲೆ ದಿನವಿಡೀ ಗಂಡಸರು ಬೀಡಿ ಸೇದುತ್ತಾ ಕೂತಿರುವಾಗ ಅವರೆದುರು ಬಗ್ಗಿ ಕೊಡ ತುಂಬುವುದು ಹೇಗೆ? ಊರಾಚೆಯ ಕೇರಿಯವರಂತೂ ಮೊದಲ ದಿನದಿಂದಲೇ ಅದನ್ನು ಮುಟ್ಟಿರಲಿಲ್ಲ. ಮುಟ್ಟಗೊಡುವವರು ಯಾರು? ಆ ಸೆರಗು ಹಿಡಿದ ಅಜ್ಜಿಯನ್ನು ಕೇಳಿದೆ. ತೀರಿಕೊಂಡಿದ್ದಳು.

ಈ ಕಥೆಯನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ತಪ್ಪು ಪಂಚಾಯ್ತಿಯದು, ಊರವರದು ಎಂದು ಎಲ್ಲರೂ ನನ್ನನ್ನು ಸಮಾಧಾನಪಡಿಸುತ್ತಾರೆ. ನನಗೆ ಸಮಾಧಾನ ಬೇಕಿಲ್ಲ. ಜಾಗವನ್ನು ಕೇಳಬೇಕಾದದ್ದು ಕೊಡ ಹೊರುವವಳನ್ನು. ನಾವು ಕೇಳಿದ್ದು ಕಟ್ಟೆಯ ಮೇಲೆ ಕೂರುವವರನ್ನು. ಹತ್ತು ದಿನದಲ್ಲಿ ನಮ್ಮ ಮಕ್ಕಳಿಗೆ ಅನುಭವವಾಯಿತು, ಎರಡು ವರ್ಷಕ್ಕೆ 240 ಗಂಟೆಯ ಸೇವೆಯ ಲೆಕ್ಕಕ್ಕೆ ಒಂದಿಷ್ಟು ಸೇರಿತು, ಪ್ರಮಾಣಪತ್ರ ಸಿಕ್ಕಿತು, ನನಗೆ ಶಾಲು ಹೊದಿಸಿದರು. ಊರಿಗೆ ಸಿಕ್ಕಿದ್ದು ಎಮ್ಮೆ ಕಟ್ಟುವ ಗೋಡೆ. 'ನನಗಲ್ಲ, ನಿನಗೆ' ಎನ್ನುವ ಮಾತನ್ನು ನಾವು ತಿರುವಿ ಹಾಕಿದ್ದೆವು.

ಇದು ನಮ್ಮ ಬಡಕಾಲೇಜಿನ ಅಜ್ಞಾನ, ಹೊರದೇಶದವರು ಬಲ್ಲವರು ಎನ್ನುತ್ತೀರಾ? ಹಾಗೇನೂ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಕ್ಕಳು ಗಿರಗಿಟ್ಟಲೆಯಂತೆ ಸುತ್ತಿ ಆಡುವಾಗಲೇ ನೀರು ಮೇಲೆ ಬರುವ ಪಂಪೊಂದನ್ನು ಕಂಡುಹಿಡಿದರು. 'ಪ್ಲೇಪಂಪ್' ಎಂದು ಹೆಸರು. 2006ರಲ್ಲಿ ಅಮೆರಿಕದ ಸರ್ಕಾರ ಮತ್ತು ದಾನಿಗಳು ಸೇರಿ ಅದಕ್ಕಾಗಿ 1 ಕೋಟಿ 64 ಲಕ್ಷ ಡಾಲರ್ ಘೋಷಿಸಿದರು. ಕೆಲವೇ ವರ್ಷದಲ್ಲಿ ಬಣ್ಣ ಕಳಚಿತು. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಇಂಗ್ಲೆಂಡಿನ 'ಗಾರ್ಡಿಯನ್' ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ದಿನಕ್ಕಿರುವುದೇ 24 ಗಂಟೆ! ಮಕ್ಕಳು ಶಾಲೆಗೋ ಮನೆಗೋ ಹೋದ ಮೇಲೆ ಆ ಚಕ್ರವನ್ನು ಕೈಯಲ್ಲಿ ತಳ್ಳಿ ಸುತ್ತಿಸಿದವರು ಯಾರು? ಹೆಂಗಸರು. ನಮಗೆ ಹಳೆಯ ಕೈಪಂಪೇ ಇರಲಿ ಎಂದವರೂ ಅವರೇ.

ಬಾಂಗ್ಲಾದೇಶದ ಕಥೆ ಇನ್ನೂ ಕಠೋರ. ಕೆರೆ ಹೊಂಡಗಳ ನೀರು ಕುಡಿದು ಮಕ್ಕಳು ಭೇದಿಯಿಂದ ಸಾಯುತ್ತಾರೆಂದು 1970ರ ದಶಕದಿಂದ ಯುನಿಸೆಫ್ ಮೊದಲಾದ ಸಂಸ್ಥೆಗಳು ಅಲ್ಲಿ ಕೊಳವೆಬಾವಿಗಳನ್ನು ಹಾಕಿಸಿದವು. ಉದ್ದೇಶ ಒಳ್ಳೆಯದೇ. ಆದರೆ ನೆಲದೊಳಗಿನ ನೀರಿನಲ್ಲಿ ಆರ್ಸೆನಿಕ್ ವಿಷವಿದೆಯೇ ಎಂದು ಆಗ ಯಾರೂ ನೋಡಲಿಲ್ಲ. 1993ರಲ್ಲಿ ಅದು ಪತ್ತೆಯಾಗುವ ಹೊತ್ತಿಗೆ ಕೋಟಿಗಟ್ಟಲೆ ಜನ ಅದನ್ನೇ ಕುಡಿಯುತ್ತಿದ್ದರು. ನಮ್ಮ ಸೀಮೆಗೂ ಇದು ದೂರದ ಮಾತಲ್ಲ. ಬಳ್ಳಾರಿ ಸೀಮೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಹಳದಿ ಪಟ್ಟೆಯಾಗುತ್ತದೆ, ಅದಕ್ಕಿಂತ ಬಹಳ ಹೆಚ್ಚಿದ್ದರೆ ಕೀಲುಗಳು ಹಿಡಿಯುತ್ತವೆ, ಬೆನ್ನು ಬಾಗುತ್ತದೆ. ಆ ನೀರು ನೋಡಲು ಸ್ಫಟಿಕದಂತಿರುತ್ತದೆ. 1993ರಲ್ಲಿ ನಾವು ಕಟ್ಟಿದ ತೊಂಬೆಯ ನೀರನ್ನು ಪರೀಕ್ಷೆ ಮಾಡಿಸಿದ್ದೆವಾ? ಇಲ್ಲ. ತೆಂಗಿನಕಾಯಿ ಒಡೆದಿದ್ದೆವು.

ಎಲ್ಲರೂ ಹಾಗೆಯೇ ಎಂದರೆ ಅನ್ಯಾಯವಾಗುತ್ತದೆ. ಕೊಲೊರಾಡೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬರ್ನಾರ್ಡ್ ಅಮಡೆ ಎಂಬವರು ಮಧ್ಯ ಅಮೆರಿಕದ ಬೆಲೀಜ್ ದೇಶದ ಸ್ಯಾನ್ ಪ್ಯಾಬ್ಲೊ ಎಂಬ ಹಳ್ಳಿಯಲ್ಲಿ ಹೆಣ್ಣುಮಕ್ಕಳು ನೀರು ಹೊರುವ ಕೆಲಸದಲ್ಲಿ ಶಾಲೆ ತಪ್ಪಿಸಿಕೊಳ್ಳುವುದನ್ನು ಕಂಡರು. 2001ರಲ್ಲಿ ಕೆಲವು ವಿದ್ಯಾರ್ಥಿಗಳನ್ನು ಕರೆದೊಯ್ದು, ಹತ್ತಿರದ ಜಲಪಾತದ ಬಲದಿಂದಲೇ ನೀರೆತ್ತುವ ವ್ಯವಸ್ಥೆ ಮಾಡಿದರು. ಮರುವರ್ಷ ಅಮೆರಿಕದಲ್ಲಿ 'ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್' ಸಂಸ್ಥೆ ಹುಟ್ಟಿತು. ಒಂದು ಊರನ್ನು ಹಿಡಿದರೆ ಕನಿಷ್ಠ ಐದು ವರ್ಷ ಕೈಬಿಡಬಾರದು ಎನ್ನುವುದು ಅದರ ನಿಯಮ. ಅದೇ ಹೆಸರಿನ ಕೆನಡಾದ ಸಂಸ್ಥೆ 2008ರಿಂದ ತಾನು ಸೋತ ಕೆಲಸಗಳದ್ದೇ ಒಂದು ವರದಿ ಅಚ್ಚು ಹಾಕಿಸತೊಡಗಿತು. ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ನಾನು ಬರೆದ ಶಿಬಿರದ ವರದಿಯ ಕೊನೆಯ ಸಾಲು, 'ಶಿಬಿರವು ಅತ್ಯಂತ ಯಶಸ್ವಿಯಾಗಿ ನೆರವೇರಿತು' ಎಂದಿತ್ತು. ಕೆಟ್ಟ ನಳದ ವರದಿಯನ್ನು ನಾನು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ.

ಕಟ್ಟುವುದಕ್ಕೂ ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ನೋಡಬೇಕಾದರೆ ನಾವು ಬೇರೆಲ್ಲೂ ಹೋಗಬೇಕಿಲ್ಲ. ಹೊಸಪೇಟೆಯ ಪಕ್ಕದಲ್ಲಿ ರಾಯರ ಕೆರೆ ಎಂಬ ಹೆಸರಿದೆ, ಕೆರೆಯಿಲ್ಲ. ಕೃಷ್ಣದೇವರಾಯ ಎರಡು ಗುಡ್ಡಗಳ ನಡುವೆ ಏರಿ ಹಾಕಿಸುತ್ತಿದ್ದಾಗ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಅದನ್ನು ಕಣ್ಣಾರೆ ಕಂಡಿದ್ದಾನೆ. ಹದಿನೈದು ಇಪ್ಪತ್ತು ಸಾವಿರ ಜನ ದುಡಿಯುತ್ತಿದ್ದರಂತೆ. ಈ ಕೆಲಸಕ್ಕೆ ಜೊವಾಂವ್ ದೆಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದ ನಿಪುಣನ ನೆರವನ್ನೂ ರಾಜ ಪಡೆದನೆಂದು ನೂನಿಜ್ ಬರೆದಿದ್ದಾನೆ. ಹೊರಗಿನ ತಜ್ಞರು ಬಂದು ನೀರಿನ ಕೆಲಸಕ್ಕೆ ಕೈಹಚ್ಚುವುದು ನಮಗೆ ಐನೂರು ವರ್ಷ ಹಳೆಯ ಸಂಗತಿ! ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಜನರನ್ನು ಬಲಿ ಕೊಟ್ಟರೆಂದೂ ಪಾಯೆಸ್ ಹೇಳುತ್ತಾನೆ. ಅಷ್ಟೆಲ್ಲ ಕೊಟ್ಟ ಕೆರೆಯ ಅಂಗಳ ಬತ್ತಿ ಹೊಲವಾಯಿತು.

ಅದೇ ಕಾಲದ ಕಾಲುವೆಗಳ ಕಥೆ ಬೇರೆ. ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆತೋಟಗಳ ನಡುವೆ ಹರಿಯುತ್ತದೆ. ಕಂಪ್ಲಿಯ ಬತ್ತದ ಗದ್ದೆಗಳಿಗೆ ನೀರುಣಿಸುವ ಕಾಲುವೆಯೂ ವಿಜಯನಗರದ ಕಾಲದ್ದೇ. ರಾಜ್ಯ ಹೋಯಿತು, ಅರಮನೆ ಹಾಳುಬಿತ್ತು, ಕಾಲುವೆ ಉಳಿಯಿತು. ಯಾಕೆ? ಪ್ರತಿವರ್ಷ ಹೂಳು ಎತ್ತುವ ಕೈಗಳಿದ್ದವು, ತೂಬು ಎತ್ತಿ ಇಳಿಸುವ ನೀರುಗಂಟಿ ಇದ್ದ. ಅವನ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳು ಸಲ್ಲುತ್ತಿತ್ತು.

ಈಚಿನ ಮಾತಿಗೆ ಬರೋಣ. 1953ರಲ್ಲಿ ಮುಗಿದ ನಮ್ಮ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ವಾರ ಹೊಸಪೇಟೆಯಿಂದ ಕಂಪ್ಲಿಯವರೆಗೆ ಯಾರಿಗೆ ನಿದ್ದೆ ಬಂದಿತ್ತು? ತುಂಬಿದ ಜಲಾಶಯ ಕಣ್ಣೆದುರೇ ಹರಿದುಹೋಗುತ್ತಿತ್ತು. 33 ಗೇಟುಗಳ ಅಷ್ಟು ದೊಡ್ಡ ಕಟ್ಟಡ ನಿಂತದ್ದು ಒಂದು ಸರಪಳಿಯ ಕೊಂಡಿಯ ಮೇಲೆ. ಕಟ್ಟಿದವರಿಗೆ ಕಲ್ಲಿನ ಮೇಲೆ ಹೆಸರಿರುತ್ತದೆ. ಕೊಂಡಿಗೆ ಎಣ್ಣೆ ಹಾಕುವವರಿಗೆ ನಾವು ಒಂದು ನಮಸ್ಕಾರವನ್ನೂ ಹೇಳುವುದಿಲ್ಲ.

ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕೇ? ಮನೆ ಕಟ್ಟಿಸಿದವರು ಗಂಡಸರು, ಗೃಹಪ್ರವೇಶದ ದಿನ ಬಾಗಿಲಲ್ಲಿ ನಿಂತು ಹೊಗಳಿಸಿಕೊಂಡವರೂ ಅವರೇ. ಮರುದಿನದಿಂದ ಗುಡಿಸಿದವರು, ಸಾರಿಸಿದವರು, ಸೋರುವ ಕಡೆ ಬಟ್ಟಲು ಇಟ್ಟವರು ನಾವು. 'ಕೆರೆಗೆ ಹಾರ'ದ ಭಾಗೀರಥಿಯನ್ನು ನೆನೆದು ಕಣ್ಣೀರು ಹಾಕದ ಕನ್ನಡದ ಹೆಣ್ಣುಮಗಳಿಲ್ಲ. ನೀರು ಬರಲೆಂದು ಕಿರಿಸೊಸೆಯನ್ನು ಕೆರೆಗೆ ಕೊಡುವ ತೀರ್ಮಾನ ಮಾಡಿದಾಗ ಅವಳನ್ನು ಯಾರೂ ಕೇಳಲಿಲ್ಲ. ಇಂದು ಪ್ರಾಣ ಕೇಳುವುದಿಲ್ಲ, ಸರಿ. ಆದರೆ ನೀರಿನ ತೀರ್ಮಾನದಲ್ಲಿ ಅವಳನ್ನು ಕೇಳದಿರುವ ಚಾಳಿ ಹಾಗೆಯೇ ಉಳಿದಿದೆ.

ಹಾಗಾದರೆ ಯಾರೂ ಏನೂ ಮಾಡಬಾರದೇ, ಒಳ್ಳೆಯ ಮನಸ್ಸಿನ ಮಕ್ಕಳನ್ನು ಬಾಗಿಲಿಂದಲೇ ಅಟ್ಟಬೇಕೇ ಎಂದು ನೀವು ಕೇಳಬಹುದು. ನನ್ನ ತಂಗಿಯೂ ಅದನ್ನೇ ಕೇಳಿದಳು. ನನ್ನ ತಕರಾರು ಸೇವೆಯ ಮೇಲಲ್ಲ, ಮೂರು ವಾರದ ಮೇಲೆ. ಉತ್ತರಪ್ರದೇಶದ ಬಾಂದಾ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಮಹಿಳಾ ಸಮಾಖ್ಯೆಯವರು ಓದು ಬರಹ ಬಾರದ ಹಳ್ಳಿಯ ಹೆಂಗಸರಿಗೆ ಕೈಪಂಪು ಬಿಚ್ಚಿ ಜೋಡಿಸುವುದನ್ನು ಕಲಿಸಿದರು. ಹೆಂಗಸರು ಮುಟ್ಟಿದರೆ ಪಂಪು ಕೆಡುತ್ತದೆ ಎಂದು ನಕ್ಕ ಊರುಗಳೇ ಆಮೇಲೆ ಅವರಿಗೆ ಹೇಳಿಕಳಿಸಿದವು. ಆ ಅಜ್ಜಿಯ ಪ್ರಶ್ನೆಗೆ ಇರುವುದು ಇದೊಂದೇ ಉತ್ತರ: ಕೆಟ್ಟರೆ ಯಾರನ್ನೂ ಕೇಳಬೇಕಾಗಿಲ್ಲ, ಸ್ಪ್ಯಾನರು ನಿನ್ನ ಕೈಯಲ್ಲೇ ಇದೆ.

ಕಾನೂನು ಈಗ ನಮ್ಮ ಪರವಾಗಿಯೇ ಇದೆ. ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು ಎಂದಿದೆ. ಮನೆಮನೆಗೂ ನಳ ಬಂದ ಹಳ್ಳಿಗಳನ್ನು ನಾನೂ ಕಂಡಿದ್ದೇನೆ, ಸಂತೋಷಪಟ್ಟಿದ್ದೇನೆ. ಪರೀಕ್ಷೆಯ ಪೆಟ್ಟಿಗೆ ಬೀರುವಿನಲ್ಲಿ ಬೀಗ ಹಾಕಿ ಕೂತಿರುವುದನ್ನೂ ಕಂಡಿದ್ದೇನೆ. ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ನೀರಿನ ಘಟಕಗಳು ಊರೂರಿಗೂ ಬಂದವು. ಎಷ್ಟೋ ಕಡೆ ಅವು ಕೆಟ್ಟು ನಿಂತು ಗೋಡೆಯ ಮೇಲೆ ಜಾಹೀರಾತು ಅಂಟಿಸಲು ಉಪಯೋಗವಾಗುತ್ತಿವೆ. ನಮ್ಮಂಥ ಪಟ್ಟಣದ ಹೆಂಗಸರೂ ಇದರಲ್ಲಿ ಪಾಲುಗಾರರೇ. ಮಹಿಳಾ ಮಂಡಳದ ವಾರ್ಷಿಕೋತ್ಸವಕ್ಕೆ ಹಳ್ಳಿ ಶಾಲೆಗೆ ಫಿಲ್ಟರು ದಾನ ಕೊಟ್ಟು, ರೇಷ್ಮೆ ಸೀರೆ ಉಟ್ಟು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿಲ್ಲವೇ? ಅದರ ಕ್ಯಾಂಡಲ್ ಬದಲಿಸಬೇಕೆಂದು ಮರುವರ್ಷ ಯಾರಾದರೂ ಹೋದೆವಾ? ಸಂಪು, ಮೋಟಾರು, ಮಹಡಿಯ ಮೇಲೊಂದು ಟ್ಯಾಂಕು ಇರುವ ನಮಗೆ ಮರುದಿನದ ಚಿಂತೆ ಬಾರದು.

ಇಷ್ಟೆಲ್ಲ ಯೋಚಿಸಿ ತಂಗಿಯ ಮಗಳಿಗೆ ಉದ್ದನೆಯ ಕಾಗದ ಬರೆದೆ. ಹನ್ನೆರಡು ಜನ ಬೇಡ, ಮೊದಲ ವರ್ಷ ನೀನು ಒಬ್ಬಳೇ ಬಾ, ಏನನ್ನೂ ಕಟ್ಟಬೇಡ ಎಂದೆ. ಕೊಡ ಹೊತ್ತು ಅವರ ಜೊತೆ ಸಾಲಿನಲ್ಲಿ ನಿಲ್ಲು. ಎಲ್ಲ ಕೇರಿಯ ಹೆಂಗಸರನ್ನೂ ಕೇಳು. ಸಂಜೆ ರೊಟ್ಟಿ ಬಡಿದು ಮುಗಿದ ಮೇಲೆ ಕೇಳು, ಅದಕ್ಕೆ ಮೊದಲು ಅವರಿಗೆ ಪುರುಸೊತ್ತಿರುವುದಿಲ್ಲ. ಮಳೆಗಾಲದ ನೀರನ್ನೂ ಬೇಸಿಗೆಯ ನೀರನ್ನೂ ಪರೀಕ್ಷೆ ಮಾಡಿಸು. ಕೇರಿಗೆ ಇಬ್ಬರು ಹೆಂಗಸರಿಗೆ ರಿಪೇರಿ ಕಲಿಸುವ ಏರ್ಪಾಡು ಮಾಡು. ಅವರ ಕೆಲಸಕ್ಕೆ ಕೂಲಿ ಇರಲಿ. ನೀರುಗಂಟಿ ಕಾಳು ಪಡೆಯುತ್ತಿದ್ದ, ಹೆಂಗಸಿನದು ಮಾತ್ರ ಯಾಕೆ ಸೇವೆಯಾಗಬೇಕು? ವಾಷರಿನ ಲೆಕ್ಕದ ಪುಸ್ತಕ ಅವರ ಹತ್ತಿರವೇ ಇರಲಿ. ಆಮೇಲೆ ನಿನ್ನ ಗೆಳೆಯರು ಬಂದು ಕಲ್ಲು ಹೊರಲಿ. ಒಂದನೆಯ ವರ್ಷ, ಮೂರನೆಯ ವರ್ಷ, ಐದನೆಯ ವರ್ಷ ತಿರುಗಿ ಬಂದು ಏನು ಕೆಟ್ಟಿದೆ ಎಂದು ಬರೆದುಕೊಳ್ಳಿ. ಹೆಸರಿನ ಕಲ್ಲು ಮಾತ್ರ ನೆಡಬೇಡಿ.

ಒಂದು ತಿಂಗಳು ಉತ್ತರವಿರಲಿಲ್ಲ. ಸಿಟ್ಟಾಗಿದ್ದಾಳೆ ಎಂದುಕೊಂಡೆ. ಆಮೇಲೆ ಒಂದು ರಾತ್ರಿ ಫೋನ್ ಬಂತು.

"ದೊಡ್ಡಮ್ಮ, ಎಲ್ಲಾ ಒಪ್ಪಿದೆ. ಆದರೆ ಅಷ್ಟು ಕೇಳಿದ ಮೇಲೆ ಅವರು ನೀವು ಬೇಡ ಅಂತಂದರೆ?"

ಈ ಪ್ರಶ್ನೆ 1993ರಲ್ಲಿ ನನಗೆ ಹೊಳೆದಿರಲಿಲ್ಲ. ಹುಡುಗಿ ನನಗಿಂತ ಮುಂದಿದ್ದಾಳೆ.

"ಬೇಡ ಅಂದರೆ ಮನೆಗೆ ಬಾ, ಪುಟ್ಟಿ. ರೊಟ್ಟಿ ಮಾಡಿಕೊಡ್ತೀನಿ, ಉಂಡು ಹಂಪಿ ನೋಡಿಕೊಂಡು ಹೋಗು" ಎಂದೆ.

ಡಿಸೆಂಬರಿಗೆ ಟಿಕೆಟ್ ತೆಗೆಸಿದ್ದಾಳೆ, ಒಂದೇ ಟಿಕೆಟ್.